ಬಟ್ಟೆ ಡೈಪರ್ ವಾಪಸ್ ಕೊಡುವವರಿಗೆ

ಎಲ್ಲರಿಗೂ ನಮಸ್ಕಾರ. ಗುಂಪಿನ ಚೀಲದಿಂದ ಬಟ್ಟೆ ಡೈಪರ್ ಒಯ್ದವರು ಶನಿವಾರ ಸಂಜೆ 5ರೊಳಗೆ ಒಗೆದು, ಪೂರ್ತಿ ಒಣಗಿಸಿ ತಂದುಕೊಡಿ. ಹೋದ ಸಲ ಬಂದ ಕೆಲವು ಪ್ಯಾಡ್ (ಡೈಪರ್ ಒಳಗೆ ಇಡುವ ಹೀರುವ ಬಟ್ಟೆ) ನೀರನ್ನೇ ಹೀರುತ್ತಿರಲಿಲ್ಲ, ಕೇಳಿದರೆ ಘಮ್ ಅನ್ನಲಿ ಅಂತ ಫ್ಯಾಬ್ರಿಕ್ ಕಂಡೀಷನರ್ ಹಾಕಿದ್ದರಂತೆ! ಅದು ಬೇಡವೇ ಬೇಡ, ಬಟ್ಟೆಯ ಮೇಲೆ ಪದರ ಕಟ್ಟುತ್ತದೆ. ಕಕ್ಕವನ್ನು ಮೊದಲು ಕಮೋಡಿಗೆ ಹಾಕಿ, ಪ್ಯಾಡ್ ಹೊರಗೆ ತೆಗೆದು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಮಾಮೂಲಿ ಪೌಡರ್ ಜೊತೆ ಮೆಷಿನ್‌ಗೆ ಹಾಕಿ, ನೊರೆ ಪೂರ್ತಿ ಹೋಗಬೇಕು (ಬೋರ್‌ವೆಲ್ ನೀರಾದರೆ ಇನ್ನೊಂದು ಸಲ ಜಾಲಿಸಿ). ಹೊರಗಿನ ಕವರ್ ಕುದಿಸಬೇಡಿ, ತಿರುಚಿ ಹಿಂಡಬೇಡಿ, ಸೋರೋಕೆ ಶುರುವಾಗುತ್ತದೆ. ಹಳದಿ ಕಲೆಗೆ ಬ್ಲೀಚ್ ಯಾಕೆ, ಪ್ಯಾಡ್ ಒದ್ದೆ ಇರುವಾಗಲೇ ಬಿಸಿಲಿಗೆ ಹಾಕಿದರೆ ಸಾಕು. ಎಷ್ಟು ತರುತ್ತೀರಿ ಅಂತ ಶುಕ್ರವಾರದೊಳಗೆ ಇಲ್ಲೇ ಬರೆಯಿರಿ, ಇನ್ನೂ ಮೂವರು ಕಾಯುತ್ತಿದ್ದಾರೆ.