ಎಂಎಸ್‌ಡಬ್ಲ್ಯೂ ಪಾಠ ಮ್ಯಾನ್‌ಹೋಲ್ ತನಕ ಬರಲಿ

ಮಾನ್ಯರೇ,

ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರು ಉಸಿರುಗಟ್ಟಿ ಸತ್ತ ಸುದ್ದಿ ಓದಿದಾಗೆಲ್ಲ, ನಮ್ಮ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕ್ಲಾಸುಗಳಲ್ಲಿ ಹೇಳ್ಕೊಡೋ ಸಾಮಾಜಿಕ ನ್ಯಾಯದ ಥಿಯರಿಗಳು ಯಾರ ಉಪಯೋಗಕ್ಕೆ ಅಂತ ಕೇಳ್ಬೇಕು ಅನ್ಸುತ್ತೆ. ಅಸಮಾನತೆ ಇದ್ರೂ ಅದ್ರಿಂದ ಎಲ್ಲರಿಗಿಂತ ಕೆಳಗಿರೋರಿಗೆ ಅನುಕೂಲ ಆಗ್ಬೇಕು ಅಂದ ಜಾನ್ ರಾಲ್ಸ್, ದುಡ್ಡು ಹಂಚಿದ್ರೆ ಸಾಲದು ಗೌರವನೂ ಸಿಗ್ಬೇಕು ಅನ್ನೋ ನ್ಯಾನ್ಸಿ ಫ್ರೇಸರ್, ಇವ್ರನ್ನೆಲ್ಲ ಎಕ್ಸಾಮಿಗೆ ಉರು ಹೊಡೆದು ಮರೀತಾರೆ. ಇತ್ತ ಮಲ ಹೊರಿಸೋದನ್ನ, ಸುರಕ್ಷತೆ ಇಲ್ದೆ ಗುಂಡಿಗೆ ಇಳಿಸೋದನ್ನ ನಿಷೇಧಿಸಿದ 2013ರ ಕಾಯ್ದೆ ಬಂದ್ಮೇಲೂ ಜನ ಗುಂಡಿಗೆ ಇಳೀತಾನೇ ಇದಾರೆ, ಸತ್ರೆ ಕೊಡೋ ಪರಿಹಾರನ ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ ನಿಜ, ಆದ್ರೆ ಅದಕ್ಕಾಗಿ ಆಫೀಸಿಂದ ಆಫೀಸಿಗೆ ಅಲೆಯೋ ಹೆಂಡ್ತಿ ಕೈಲಿ ಒಂದು ಎಫ್‌ಐಆರ್ ಜೆರಾಕ್ಸ್ ಬಿಟ್ರೆ ಏನಿರುತ್ತೆ, ಕಂಟ್ರಾಕ್ಟರ್ ನೋಡಿದ್ರೆ ಅವ್ನು ನಮ್ ಕಡೆಯವ್ನೇ ಅಲ್ಲ ಅಂತಾನೆ. ಅಂಬೇಡ್ಕರ್ 1927ರಲ್ಲಿ, ದಲಿತರು ಮುಟ್ಟಬಾರದು ಅಂತಿದ್ದ ಮಹಾಡ್ ಕೆರೆ ನೀರು ಮುಟ್ಟಿದ್ದು ಹಕ್ಕು ಅಂತ, ಯಾರದ್ದೋ ಕನಿಕರಕ್ಕಲ್ಲ. ನಮ್ಮಲ್ಲಿ ಫೀಲ್ಡ್‌ವರ್ಕ್ ಅಂದ್ರೆ ಇನ್ನೂ ಜಾಥಾ, ಬ್ಯಾನರು, ಗ್ರೂಪ್ ಫೋಟೋ!

ವಿಶ್ವವಿದ್ಯಾಲಯಗಳು ಒಂದು ಸೆಮಿಸ್ಟರ್ ಫೀಲ್ಡ್‌ವರ್ಕನ್ನ ಪೌರಕಾರ್ಮಿಕರ ಕಾಲೊನಿಗಳಲ್ಲೇ ಕಡ್ಡಾಯ ಮಾಡಿ, ಪರಿಹಾರ, ಪುನರ್ವಸತಿ ಅರ್ಜಿಗಳ ಫಾಲೋಅಪ್ ಕೆಲಸನ ವಿದ್ಯಾರ್ಥಿಗಳಿಗೆ ಕೊಟ್ಟು, ಇಂಟರ್ನಲ್ ಮಾರ್ಕ್ಸ್ ಅದಕ್ಕೇ ಹಾಕ್ಲಿ.

– ಓದುಗ, ಮೈಸೂರು