ಹೊಸ ಮನೆಯ ಸುರಕ್ಷತಾ ಲೋಪಗಳ ಬಗ್ಗೆ ನಿರ್ಮಾಣ ಸಂಸ್ಥೆಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಇವರಿಂದ,
ನಿಮ್ಮ ಮೈಸೂರು ಬಡಾವಣೆಯ ಮನೆ ಮಾಲೀಕ

ವಿಷಯ: ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕದಿರುವುದು, ಅರ್ಥಿಂಗ್ ದೋಷ ಹಾಗೂ ಬೀಗ, ಗ್ರಿಲ್, ರೇಲಿಂಗ್ ಲೋಪಗಳನ್ನು ಸರಿಪಡಿಸುವ ಕುರಿತು.

ಮಾನ್ಯರೇ,

ನಿಮ್ಮಿಂದ ಕೊಂಡ ಮನೆಯ ಗೃಹಪ್ರವೇಶ ಕಳೆದ ವೈಶಾಖದಲ್ಲಿ ಆಯಿತು. ಬ್ರೋಷರಿನಲ್ಲಿ ‘ಮೂರು ಹಂತದ ಭದ್ರತೆ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಿರಿ: ಗೇಟಿಗೆ ಕ್ಯಾಮೆರಾ, ವಿಡಿಯೊ ಡೋರ್‌ಫೋನ್, ಬೆರಳಚ್ಚಿನ ಬೀಗ. ಅವೆಲ್ಲ ಇವೆ, ಕೆಲಸವನ್ನೂ ಮಾಡುತ್ತಿವೆ. ನನ್ನ ದೂರು ಫೋಟೊದಲ್ಲಿ ಕಾಣದ ಕೆಲಸಗಳ ಬಗ್ಗೆ.

ಬಚ್ಚಲುಮನೆಯಲ್ಲಿ ಗೀಸರ್ ಹಾಕಿದ್ದಾಗ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ನಮ್ಮ ಮನೆಯವರು ಹೇಳಿದರು. ನಿಮ್ಮ ಸೈಟ್ ಎಂಜಿನಿಯರಿಗೆ ಫೋನ್ ಮಾಡಿದೆ. “ಹೊಸಾ ವೈರಿಂಗು ಸಾರ್, ಸ್ವಲ್ಪ ದಿನ ಹಂಗೇ ಇರುತ್ತೆ, ಆಮೇಲೆ ಸರಿಹೋಗುತ್ತೆ” ಎಂದರು. ಹೊಸ ಚಪ್ಪಲಿಯ ಹಾಗೆ ವೈರಿಂಗೂ ಒಂದಷ್ಟು ದಿನ ಕಚ್ಚುತ್ತದೆ ಎಂಬುದು ನಾನು ಕೇಳಿರದ ವಿದ್ಯೆ. ಬೇರೆ ಲೈಸೆನ್ಸ್‌ದಾರ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಗೀಸರಿನ ಸಾಕೆಟ್ ಬಿಚ್ಚಿದರೆ ಅರ್ಥ್ ವೈರು ಪಿನ್ನಿಗೆ ಸೇರಿಯೇ ಇಲ್ಲ, ಪೆಟ್ಟಿಗೆಯೊಳಗೆ ಸುತ್ತಿ ಬಿಟ್ಟಿದ್ದಾರೆ. ಮೀಟರಿನ ಪಕ್ಕದ ಬೋರ್ಡಿನಲ್ಲಿ ಸಾಲಾಗಿ ಎಂಸಿಬಿಗಳಿವೆ. ಆರ್‌ಸಿಸಿಬಿ ಕೂರಬೇಕಾದ ಜಾಗವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮುಚ್ಚಿದ್ದಾರೆ.

ಎಂಸಿಬಿ ಇದೆಯಲ್ಲ ಎಂದು ನಿಮ್ಮ ಕಚೇರಿಯವರು ವಾದಿಸಿದ್ದರಿಂದ ಇದನ್ನು ಬರೆಯಬೇಕಾಗಿದೆ. ಲೋಡು ಹೆಚ್ಚಾದರೆ, ಶಾರ್ಟ್ ಆದರೆ ಎಂಸಿಬಿ ಬೀಳುತ್ತದೆ. 16 ಆಂಪಿಯರಿನ ಎಂಸಿಬಿಗೆ ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟು ಲೆಕ್ಕಕ್ಕೇ ಇಲ್ಲ, ಜೀವ ಹೋದರೂ ಅದು ಬೀಳುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸೋರಿಕೆಯನ್ನು ಗುರುತಿಸಿ ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಲೈನ್ ಕಡಿದುಹಾಕುತ್ತದೆ. ಒಪ್ಪಂದದ ಸ್ಪೆಸಿಫಿಕೇಷನ್ ಪುಟದಲ್ಲಿ ‘ಇಎಲ್‌ಸಿಬಿ ಸಹಿತ’ ಎಂದು ನೀವೇ ಬರೆದಿದ್ದೀರಿ; ಆರ್‌ಸಿಸಿಬಿಯನ್ನೇ ರೂಢಿಯಲ್ಲಿ ಹಾಗೆನ್ನುತ್ತಾರೆ. ಈಗ ಅದನ್ನು ಹಾಕಲು ‘ಎಕ್ಸ್‌ಟ್ರಾ ವರ್ಕ್’ ಎಂದು ಕೊಟೇಷನ್ ಕಳಿಸಿದ್ದೀರಿ! ಆ ಕೊಟೇಷನ್ನನ್ನು ಈ ಪತ್ರದ ಜೊತೆ ಹಿಂದಿರುಗಿಸುತ್ತಿದ್ದೇನೆ.

ಅಡುಗೆಮನೆಯ ಗ್ಯಾಸ್ ಸೆನ್ಸರನ್ನು ಚಾವಣಿಗೆ ತಾಗುವಂತೆ ಹಾಕಿದ್ದೀರಿ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕಾದರೆ ಆ ಜಾಗ ಸರಿ, ಅದು ಗಾಳಿಗಿಂತ ಹಗುರ. ನಮ್ಮ ಬೀದಿಗೆ ಪೈಪು ಬಂದಿಲ್ಲ, ನಮ್ಮದು ಸಿಲಿಂಡರ್. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದರೆ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಮೇಲಿನ ಸೆನ್ಸರ್ ಕೂಗುವ ಹೊತ್ತಿಗೆ ಕೆಳಗೆ ಆಗುವುದೆಲ್ಲ ಆಗಿರುತ್ತದೆ. ಅದನ್ನು ನೆಲದ ಹತ್ತಿರಕ್ಕೆ ಇಳಿಸಿ, ಸಿಲಿಂಡರ್ ಇಡುವ ಗೂಡಿಗೆ ಕೆಳಭಾಗದಲ್ಲಿ ಗಾಳಿಕಿಂಡಿ ಬಿಡಿಸಿ.

ಇನ್ನು ಆ ಬೆರಳಚ್ಚಿನ ಬೀಗ. ಕಾರ್ಖಾನೆಯಿಂದ ಬಂದ ಮಾಸ್ಟರ್ ನಂಬರನ್ನು ನಿಮ್ಮವರು ಬದಲಿಸಿಯೇ ಇಲ್ಲ. ಪಕ್ಕದ ಮನೆಯವರ ಒಪ್ಪಿಗೆ ಪಡೆದು ಅವರೆದುರೇ ಒತ್ತಿ ನೋಡಿದೆ: ಒಂದೇ ನಂಬರಿಗೆ ಎರಡೂ ಮನೆಯ ಬಾಗಿಲು ತೆರೆದವು. ಬಡಗಿ, ಪೇಂಟರು, ಟೈಲ್ಸ್‌ನವರು ಎಲ್ಲರಿಗೂ ಗೊತ್ತಿದ್ದ ನಂಬರದು. ನಮ್ಮದನ್ನು ನಾವು ಬದಲಿಸಿಕೊಂಡಿದ್ದೇವೆ, ಉಳಿದ ಮನೆಗಳಿಗೆ ತಿಳಿಸುವುದು ನಿಮ್ಮ ಕೆಲಸ. ಹಿತ್ತಿಲ ಬಾಗಿಲಿಗೆ ಒಂದು ತೆಳು ಚಿಲಕ ಬಿಟ್ಟರೆ ಏನೂ ಇಲ್ಲ, ಕೆಳಗಿನ ಕಿಟಕಿಗಳ ಗ್ರಿಲ್ಲಿಗೆ ಸ್ಕ್ರೂ ಹಾಕಿರುವುದು ಹೊರಗಡೆಯಿಂದ. ಕಳ್ಳನಿಗೆ ಒಂದು ಸ್ಕ್ರೂಡ್ರೈವರ್ ಸಾಕು. ಗೇಟಿನ ಕ್ಯಾಮೆರಾ ಹಿತ್ತಿಲ ಕಡೆ ನೋಡುವುದೂ ಇಲ್ಲ.

ಮಹಡಿ ಬಾಲ್ಕನಿಯ ರೇಲಿಂಗ್ ಅಳೆದರೆ 82 ಸೆಂಟಿಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆ ಒಂದು ಮೀಟರಿಗಿಂತ ಕಡಿಮೆ ಎತ್ತರವನ್ನು ಒಪ್ಪುವುದಿಲ್ಲ. ಸಾಲದ್ದಕ್ಕೆ ಕಂಬಿಗಳನ್ನು ಅಡ್ಡಡ್ಡ ಹಾಕಿದ್ದೀರಿ. ನಾಲ್ಕು ವರ್ಷದ ಮೊಮ್ಮಗಳು ಎರಡನೇ ಕಂಬಿಯ ಮೇಲೆ ನಿಂತು ಬೀದಿ ನೋಡುತ್ತಿದ್ದಳು. ಅಂದಿನಿಂದ ಬಾಲ್ಕನಿಯ ಬಾಗಿಲು ಹಾಕಿಯೇ ಇದೆ. ಕಂಬಿಗಳು ಉದ್ದುದ್ದ ಇರಬೇಕು, ನಡುವೆ ಮಗುವಿನ ತಲೆ ತೂರದಷ್ಟೇ ಸಂದು ಇರಬೇಕು.

‘ಹ್ಯಾಂಡೋವರ್ ಸಹಿ ಆದ ಮೇಲೆ ನಮ್ಮ ಜವಾಬ್ದಾರಿಯಿಲ್ಲ’ ಎಂಬ ನಿಮ್ಮ ಇಮೇಲ್ ಉತ್ತರ ನನ್ನ ಬಳಿ ಇದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆಯ 14(3)ನೇ ಸೆಕ್ಷನ್ ಬೇರೆಯೇ ಹೇಳುತ್ತದೆ: ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಮಗಾರಿಯ, ಗುಣಮಟ್ಟದ ಅಥವಾ ಸೌಲಭ್ಯದ ಯಾವುದೇ ದೋಷವನ್ನು ಗಮನಕ್ಕೆ ತಂದರೆ, 30 ದಿನದೊಳಗೆ ನೀವು ಹಣ ಪಡೆಯದೆ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೇಳುವ ಹಕ್ಕು ನನಗಿದೆ.

ಆದ್ದರಿಂದ ಈ ಪತ್ರವನ್ನೇ ಆ ಸೂಚನೆಯೆಂದು ತಿಳಿಯಿರಿ. ಆರ್‌ಸಿಸಿಬಿ ಮತ್ತು ಅರ್ಥಿಂಗ್ ಕೆಲಸಕ್ಕೆ ಮಾತ್ರ 30 ದಿನ ಕಾಯಲಾರೆ. ಅದು ಒಂದು ವಾರದೊಳಗೆ ಆಗಬೇಕು. ಎಲ್ಲ ಸಾಕೆಟ್‌ಗಳ ಅರ್ಥಿಂಗ್ ಪರೀಕ್ಷಿಸಿದ ವರದಿಗೆ ಲೈಸೆನ್ಸ್‌ದಾರ ಎಲೆಕ್ಟ್ರಿಷಿಯನ್ನಿನ ಸಹಿ ಇರಲಿ. ಅಲ್ಲಿಯವರೆಗೆ ಗೀಸರ್ ನಿಲ್ಲಿಸಿ ಒಲೆಯ ಮೇಲೆ ನೀರು ಕಾಯಿಸಿಕೊಳ್ಳುತ್ತಿದ್ದೇವೆ. ಗಡುವು ಮೀರಿದರೆ 31ನೇ ಸೆಕ್ಷನ್ ಪ್ರಕಾರ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಸಲ್ಲಿಸುತ್ತೇನೆ. ಫೋಟೊಗಳು, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಟಿಪ್ಪಣಿ, ಒಪ್ಪಂದದ ಪುಟದ ಪ್ರತಿ ಲಗತ್ತಿಸಿದ್ದೇನೆ.

ಕೆಲಸದವರನ್ನು ಕಳಿಸುವ ಹಿಂದಿನ ದಿನ ಫೋನ್ ಮಾಡಿ. ಸಮಾಧಾನ ಹೇಳಲು ಯಾರನ್ನೂ ಕಳಿಸುವುದು ಬೇಡ.

ಇಂತಿ ತಮ್ಮ ವಿಶ್ವಾಸಿ,
ಮನೆ ಮಾಲೀಕ