ಹಬ್ಬದಲ್ಲಿ ಗೆಲ್ಲುವ ಕೊಡಗು, ಆಮೇಲೆ ಎಲ್ಲಿ?

ಸಂಪಾದಕರೇ,

2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತದ ಪುರುಷರ ಹಾಕಿ ತಂಡದಲ್ಲಿ ರಘುನಾಥ್, ಸುನಿಲ್, ನಿಕ್ಕಿನ್ ತಿಮ್ಮಯ್ಯ, ಉತ್ತಪ್ಪ ಇದ್ದರು. ನಾಲ್ವರೂ ನಮ್ಮ ಕೊಡಗಿನವರು. ಟೋಕಿಯೊ ಮತ್ತು ಪ್ಯಾರಿಸ್‌ನಲ್ಲಿ ಪದಕ ಗೆದ್ದ ಪುರುಷರ ತಂಡಗಳಲ್ಲಿ ನಮ್ಮವರು ಒಬ್ಬರೂ ಇಲ್ಲ. ಪದಕದ ಖುಷಿಯ ಜೊತೆಗೇ ಇದು ಹೊಟ್ಟೆಯುರಿಸುವ ಮಾತು.

ಆಟಗಾರರ ಬರ ಇದೆಯೇ? ಖಂಡಿತ ಇಲ್ಲ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾದ, ಒಂದೊಂದು ಕೊಡವ ಕುಟುಂಬ ಒಂದೊಂದು ತಂಡವಾಗಿ ಆಡುವ ಕೊಡವ ಕುಟುಂಬ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಕಂಡಿತು. ತಾತ, ಸೊಸೆ, ಮೊಮ್ಮಗ ಒಂದೇ ಜೆರ್ಸಿಯಲ್ಲಿ ಆಡುವುದನ್ನು ಬೇರೆಲ್ಲಿ ನೋಡುತ್ತೀರಿ? ಆದರೆ ಹಬ್ಬ ಮುಗಿದು ಮಳೆ ಹಿಡಿದರೆ ಊರಿನ ಮೈದಾನ ಕೆಸರುಗದ್ದೆ. ಮಕ್ಕಳ ಸ್ಟಿಕ್ ಅಟ್ಟ ಸೇರುತ್ತದೆ. ಇಂದಿನ ಹಾಕಿ ಟರ್ಫ್ (ಕೃತಕ ಹುಲ್ಲುಹಾಸು) ಮೇಲಿನ ಆಟ. ಮಣ್ಣಿನಲ್ಲಿ ಕಲಿತ ಹುಡುಗ ಆ ವೇಗಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಆಯ್ಕೆಯೇ ಮುಗಿದಿರುತ್ತದೆ.

ಹೀಗೆ ಆಯ್ಕೆಯಲ್ಲಿ ಸೋತ ಹುಡುಗರನ್ನು ಸುಮ್ನೆ ಬೈಯುವುದು ಬೇಡ. ಇರುವ ಟರ್ಫ್‌ಗಳನ್ನು ಹಳ್ಳಿ ಶಾಲೆಗಳ ಮಕ್ಕಳಿಗೂ ವಾರಕ್ಕೆರಡು ದಿನ ಬಿಟ್ಟುಕೊಡಿ, ಓಡಾಟಕ್ಕೆ ಬಸ್ ಕೊಡಿ. ನಿವೃತ್ತ ಆಟಗಾರರು ನಮ್ಮಲ್ಲೇ ಇದ್ದಾರಲ್ವಾ? ಕೋಚಿಂಗ್‌ಗೆ ಅವರನ್ನೇ ಕರೆಯಿರಿ. ಈ ಮಳೆಗಾಲಕ್ಕೆ ಮುಂಚೆಯೇ ಶುರುವಾಗಲಿ.

– ಹಾಕಿ ಅಭಿಮಾನಿ, ಮಡಿಕೇರಿ